ಬೆಳೆಯುವುದಿಲ್ಲ ಎಂಬ ಖಾತರಿಯೊಂದಿಗೆ ಬಂದ ನಾಯಿಮರಿ

ಹೋದ ವರ್ಷದ ಜನವರಿಯಲ್ಲಿ ಮಂಗಳೂರು ನಗರದ ಒಂದು ಸಾಕುಪ್ರಾಣಿ ಅಂಗಡಿಯಿಂದ ‘ಟೀಕಪ್ ಪೊಮೆರೇನಿಯನ್’ ಎಂಬ ಹೆಸರಿನ ಹೆಣ್ಣುಮರಿಯೊಂದನ್ನು 65,000 ರೂಪಾಯಿ ಕೊಟ್ಟು ನಾವು ಮನೆಗೆ ತಂದೆವು. ಈಗ 16 ತಿಂಗಳು ಕಳೆದಿವೆ. ಕೊಂಡ ದಿನವೇ ಈ ವಿಮರ್ಶೆ ಬರೆದಿದ್ದರೆ ಅಂಗಡಿಯನ್ನು ಮನಸಾರೆ ಹೊಗಳಿರುತ್ತಿದ್ದೆ. ಇಂದು ಬರೆಯುತ್ತಿರುವುದು ಅಂಗಡಿಗಿಂತ ಹೆಚ್ಚಾಗಿ ಅದು ಮಾರುವ ‘ಟೀಕಪ್’ ಎಂಬುದರ ವಿಮರ್ಶೆ. ಅಂಗಡಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇದೇ ಮಾತು, ಇದೇ ಬೆಲೆ, ಇದೇ ಚೀಟಿಯೊಂದಿಗೆ ಇಂಥ ಮರಿಗಳನ್ನು ಮಾರುವವರು ಅನೇಕರಿದ್ದಾರೆ. ಒಬ್ಬರ ಹೆಸರು ಬರೆದರೆ ಓದುವವರು ಅವರೊಬ್ಬರನ್ನು ಬಿಟ್ಟು ಪಕ್ಕದವರಲ್ಲಿಗೆ ಹೋಗುತ್ತಾರೆ, ಅಷ್ಟೆ.

ನಮ್ಮದು ಬಿಜೈಯಲ್ಲಿ ಮೂರನೆಯ ಮಹಡಿಯ ಮನೆ. ಕಾರ್ಕಳದ ಕಡೆಯ ಹಳೆಯ ಮನೆಯನ್ನು ಬಿಟ್ಟು ಅಮ್ಮ ನಮ್ಮೊಂದಿಗೆ ಇರಲು ಬಂದ ಮೇಲೆ, ಅಂಗಳವಿಲ್ಲದ್ದಕ್ಕಿಂತ ನಾಯಿ ಇಲ್ಲದ್ದೇ ಅವರಿಗೆ ದೊಡ್ಡ ಕೊರತೆಯಾಗಿತ್ತು. ಊರಿನಲ್ಲಿ ಅವರು ಸಾಕಿದ್ದೆಲ್ಲ ಕಾಟು ನಾಯಿಗಳೇ, ಅಂದರೆ ತಳಿಯ ಹೆಸರಿಲ್ಲದ ಊರನಾಯಿಗಳು. ಕುಚ್ಚಲಕ್ಕಿಯ ಗಂಜಿ, ಮೀನಿನ ತಲೆ ತಿಂದು, ಹಟ್ಟಿಯ ಬಾಗಿಲಲ್ಲಿ ಮಲಗಿ, ಹನ್ನೆರಡು ಹದಿಮೂರು ವರ್ಷ ಬದುಕಿದ ನಾಯಿಗಳು ಅವು. ಫ್ಲ್ಯಾಟಿನಲ್ಲಿ ಅಂಥ ನಾಯಿಯನ್ನು ಕಟ್ಟಿಹಾಕಿ ಸಾಕುವುದು ಸರಿಯಲ್ಲವೆಂದು ನಮಗೆ ತೋರಿತು. ಸಣ್ಣ ನಾಯಿಯಾದರೆ ಒಳಗೇ ಓಡಾಡಿಕೊಂಡಿರುತ್ತದೆ, ಅಮ್ಮನೂ ಎತ್ತಿಕೊಳ್ಳಬಹುದು ಎಂಬುದು ನಮ್ಮ ಯೋಚನೆ. ಯೋಚನೆಯಲ್ಲಿ ತಪ್ಪಿರಲಿಲ್ಲ. ಎಷ್ಟು ಸಣ್ಣದು ಎಂಬ ಪ್ರಶ್ನೆಯನ್ನು ಮಾತ್ರ ನಾವು ಕೇಳಿಕೊಳ್ಳಲಿಲ್ಲ.

ಅಂಗಡಿಯ ಒಳಭಾಗ ಚೊಕ್ಕಟವಾಗಿತ್ತು ಎಂಬುದನ್ನು ಹೇಳಲೇಬೇಕು. ಗಾಜಿನ ಗೂಡುಗಳಲ್ಲಿ ವಾಸನೆ ಇರಲಿಲ್ಲ, ನೀರಿನ ಬಟ್ಟಲುಗಳು ತುಂಬಿದ್ದವು, ಮಾತನಾಡಿಸಿದ ಹುಡುಗರು ಸೌಜನ್ಯದಿಂದಿದ್ದರು, ಅಮ್ಮನಿಗೆ ಕುಳಿತುಕೊಳ್ಳಲು ಕುರ್ಚಿ ತಂದುಕೊಟ್ಟರು. ಮಾಲೀಕರು ಮರಿಯನ್ನು ಒಂದು ಚಹಾದ ಕಪ್ಪಿನೊಳಗೆ ಕೂರಿಸಿ ತೋರಿಸಿದರು. ಮರಿ ಅಲ್ಲಾಡದೆ ಕುಳಿತಿತ್ತು. ಎಷ್ಟು ಸಾಧು ಎಂದು ನಾವೆಲ್ಲ ಮೆಚ್ಚಿಕೊಂಡೆವು. ಆರೋಗ್ಯವಾಗಿರುವ ಎರಡು ತಿಂಗಳ ಮರಿ ಕಪ್ಪಿನೊಳಗೆ ಅರ್ಧ ನಿಮಿಷವೂ ಕೂರದು, ಹೊರಗೆ ಹಾರಿ ಯಾರದಾದರೂ ಚಪ್ಪಲಿಯನ್ನು ಕಚ್ಚುತ್ತದೆ ಎಂಬುದು ಅಮ್ಮನಿಗಂತೂ ಚೆನ್ನಾಗಿ ಗೊತ್ತಿತ್ತು; ಆ ಹೊತ್ತಿನಲ್ಲಿ ಅವರಿಗೂ ಅದು ಹೊಳೆಯಲಿಲ್ಲ.

ಬಿಲ್ಲಿನೊಂದಿಗೆ ಎರಡು ಕಾಗದಗಳನ್ನು ಕೊಟ್ಟರು. ಒಂದು ಖಾತರಿ ಪತ್ರ. ಪೂರ್ಣ ಬೆಳೆದಾಗಲೂ ಮರಿಯ ತೂಕ 1.2 ಕಿಲೋ ಮೀರುವುದಿಲ್ಲ, ಮೀರಿದರೆ ಅರ್ಧ ಹಣ ವಾಪಸು ಎಂದು ಅದರಲ್ಲಿತ್ತು. ಆರೋಗ್ಯದ ಖಾತರಿ 48 ಗಂಟೆಗಳದ್ದು, ಅದೂ ಸೋಂಕುರೋಗಗಳಿಗೆ ಮಾತ್ರ. ಇನ್ನೊಂದು ಆಹಾರದ ಚೀಟಿ: ದಿನಕ್ಕೆ ಎರಡು ಹೊತ್ತು, ಹೊತ್ತಿಗೆ ಒಂದು ಚಮಚ ನೆನೆಸಿದ ನಾಯಿಯಾಹಾರದ ಕಾಳು, ಹೆಚ್ಚು ಹಾಕಿದರೆ ಗಾತ್ರ ಕೆಡುತ್ತದೆ. ಈ ಎರಡು ಕಾಗದಗಳನ್ನು ಒಟ್ಟಿಗೆ ಇಟ್ಟು ಓದಿದ್ದರೆ ನಮಗೆ ಅಂದೇ ಎಲ್ಲವೂ ಅರ್ಥವಾಗಬೇಕಿತ್ತು. ಬೆಳೆಯುವುದಿಲ್ಲ ಎಂದು ಖಾತರಿ ಕೊಡುವವನು ಆ ಮರಿಯ ದೇಹದ ಬಗ್ಗೆ ಏನನ್ನು ಹೇಳುತ್ತಿದ್ದಾನೆ ಎಂದು ತಿಳಿಯಲು ನಮಗೆ ಒಂದು ವರ್ಷ ಬೇಕಾಯಿತು.

ಮೊದಲು ಹೆಸರಿನ ವಿಷಯ. ‘ಟೀಕಪ್’ ಎಂಬ ತಳಿಯಿಲ್ಲ, ತಳಿಯೊಳಗೆ ಅಂಥ ಒಂದು ವರ್ಗವೂ ಇಲ್ಲ. ನಾಯಿಯ ತಳಿಗಳನ್ನು ದಾಖಲಿಸುವ ಸಂಸ್ಥೆಗಳಾದ, ಚೆನ್ನೈಯಲ್ಲಿರುವ ಕೆನಲ್ ಕ್ಲಬ್ ಆಫ್ ಇಂಡಿಯಾ ಆಗಲಿ, ಅಮೆರಿಕ ಮತ್ತು ಬ್ರಿಟನ್ನಿನ ಕೆನಲ್ ಕ್ಲಬ್ಬುಗಳಾಗಲಿ ಆ ಹೆಸರನ್ನು ಮಾನ್ಯ ಮಾಡಿಲ್ಲ. ಅದು ವ್ಯಾಪಾರದ ಹೆಸರು. ಅಮೆರಿಕನ್ ಕೆನಲ್ ಕ್ಲಬ್ಬಿನ ಮಾನದಂಡದಲ್ಲಿ ಪೊಮೆರೇನಿಯನ್ನಿನ ತೂಕ 3ರಿಂದ 7 ಪೌಂಡು, ಅಂದರೆ ಸುಮಾರು 1.4ರಿಂದ 3.2 ಕಿಲೋ. ಅಂದರೆ ತಳಿಯ ಅಭಿಮಾನಿಗಳೇ, ಸಣ್ಣ ನಾಯಿಯನ್ನೇ ಇಷ್ಟಪಡುವವರೇ, ಇದಕ್ಕಿಂತ ಕೆಳಗೆ ಬೇಡ ಎಂದು ಗೆರೆ ಎಳೆದ ಜಾಗ 1.4 ಕಿಲೋ. ನಮ್ಮ ಅಂಗಡಿಯ ಖಾತರಿ ಆ ಗೆರೆಯ ಕೆಳಗೆ ಇತ್ತು. ನಮ್ಮ ಕರಾವಳಿಯ ಮನೆಗಳಲ್ಲಿ ಮೂವತ್ತು ನಲವತ್ತು ವರ್ಷಗಳಿಂದ ‘ಪೊಮೆರೇನಿಯನ್’ ಎಂದು ಕರೆಸಿಕೊಂಡು, ಗೇಟಿನಲ್ಲಿ ಬಂದವರಿಗೆಲ್ಲ ಬೊಗಳುತ್ತಿದ್ದ ಬಿಳಿ ನಾಯಿಗಳು ಬಹುಪಾಲು ಇಂಡಿಯನ್ ಸ್ಪಿಟ್ಜ್ ಎಂಬ ಗಟ್ಟಿ ಜಾತಿಯವು. ಅವುಗಳನ್ನು ನೋಡಿ ಬೆಳೆದವರು ಈ ಮರಿಗಳನ್ನೂ ಅದೇ ಎಂದು ಭಾವಿಸುವುದು ಸಹಜ.

ಸಣ್ಣತನವೇ ರೋಗವೆಂದು ನಾನು ಹೇಳುತ್ತಿಲ್ಲ. ನಾಯಿಯ ಗಾತ್ರವನ್ನು ನಿರ್ಧರಿಸುವುದರಲ್ಲಿ ಐಜಿಎಫ್-1 ಎಂಬ ಜೀನಿನ ಪಾತ್ರ ದೊಡ್ಡದೆಂದು 2007ರಲ್ಲಿ ವಿಜ್ಞಾನಿಗಳು ತೋರಿಸಿದರು. 2022ರಲ್ಲಿ ಪ್ರಕಟವಾದ ಮುಂದಿನ ಸಂಶೋಧನೆಯಲ್ಲಿ, ಸಣ್ಣ ದೇಹಕ್ಕೆ ಕಾರಣವಾಗುವ ಅದರ ಒಂದು ರೂಪ ಸುಮಾರು 54,000 ವರ್ಷಗಳ ಹಿಂದಿನ ಸೈಬೀರಿಯದ ತೋಳದಲ್ಲಿಯೇ ಇತ್ತೆಂದು ಕಂಡುಬಂದಿತು. ಸಣ್ಣ ನಾಯಿಗಳು ಒಟ್ಟಿನಲ್ಲಿ ದೊಡ್ಡ ನಾಯಿಗಳಿಗಿಂತ ಹೆಚ್ಚು ವರ್ಷ ಬದುಕುತ್ತವೆ ಎಂಬುದೂ ನಿಜ. ಪೊಮೆರೇನಿಯನ್ನೂ ಮೊದಲು ಇಷ್ಟು ಸಣ್ಣದಾಗಿರಲಿಲ್ಲ. ಬಾಲ್ಟಿಕ್ ಸಮುದ್ರದ ತೀರದ ಪೊಮೆರೇನಿಯಾ ಪ್ರಾಂತ್ಯದ ಹೆಸರು ಹೊತ್ತ, ಉತ್ತರದ ಚಳಿನಾಡಿನ ಸ್ಪಿಟ್ಜ್ ನಾಯಿಗಳ ವಂಶ ಅದು. ವಿಕ್ಟೋರಿಯಾ ರಾಣಿ 1888ರಲ್ಲಿ ಇಟಲಿಯ ಫ್ಲಾರೆನ್ಸಿನಿಂದ ತಂದ ಮಾರ್ಕೊ ಎಂಬ ಪೊಮೆರೇನಿಯನ್ 12 ಪೌಂಡು ತೂಗುತ್ತಿತ್ತು, ಅಂದರೆ ಐದೂವರೆ ಕಿಲೋದ ಹತ್ತಿರ, ಮತ್ತು ಆ ಕಾಲದ ಜನರಿಗೆ ಅದೇ ಸಣ್ಣದಾಗಿ ಕಂಡಿತ್ತು. ರಾಣಿಯ ಇಷ್ಟವನ್ನು ನೋಡಿ ಎಲ್ಲರೂ ಸಣ್ಣ ನಾಯಿಯನ್ನೇ ಬಯಸತೊಡಗಿ ತಳಿ ಕಿರಿದಾಗುತ್ತ ಬಂದಿತು. ಐದೂವರೆ ಕಿಲೋದಿಂದ ಎರಡೂವರೆ ಕಿಲೋಗೆ ಇಳಿದ ನಾಯಿ ಇನ್ನೂ ಗಟ್ಟಿಮುಟ್ಟಾಗಿ ಬದುಕಬಲ್ಲದು. ಅಲ್ಲಿಂದ ಒಂದು ಕಿಲೋಗೆ ಇಳಿಸುವ ದಾರಿ ಮಾತ್ರ ಬೇರೆಯದು.

ಆ ದಾರಿಯನ್ನು ನನಗೆ ಬಿಡಿಸಿ ಹೇಳಿದವರು ನಮ್ಮ ಪಶುವೈದ್ಯೆ. ಅನೇಕ ಸೂಲುಗಳಲ್ಲಿ ಒಂದು ಮರಿ ಉಳಿದವುಗಳಿಗಿಂತ ಕುಂಠಿತವಾಗಿ ಹುಟ್ಟುವುದುಂಟು. ಹಟ್ಟಿಯಲ್ಲಾದರೆ ಅದಕ್ಕೆ ಮೊಲೆ ಸಿಗುವಂತೆ ನಾವೇ ಎತ್ತಿ ಹಿಡಿಯುತ್ತೇವೆ, ಬದುಕಿದರೆ ಸಂತೋಷಪಡುತ್ತೇವೆ, ಅದರಿಂದ ಮರಿ ಹಾಕಿಸುವ ಯೋಚನೆ ಮಾಡುವುದಿಲ್ಲ. ‘ಟೀಕಪ್’ ಸಾಕಣೆಯಲ್ಲಿ ಆ ಕುಂಠಿತ ಮರಿಯನ್ನೇ ಆರಿಸಿ, ಇನ್ನೊಂದು ಕುಂಠಿತ ಮರಿಯೊಂದಿಗೆ ಕೂಡಿಸುತ್ತಾರೆ. ಅನೇಕ ವೇಳೆ ಅವೆರಡೂ ಹತ್ತಿರದ ರಕ್ತಸಂಬಂಧದವು. ಮರಿ ಏಕೆ ಸಣ್ಣದಾಯಿತು ಎಂದು ಯಾರೂ ಕೇಳುವುದಿಲ್ಲ. ಹೃದಯದಲ್ಲಿ ಹುಟ್ಟಿನಿಂದಲೇ ದೋಷವಿರುವುದರಿಂದ ಸಣ್ಣದಾಯಿತೋ, ಯಕೃತ್ತನ್ನು ಬಳಸಿಕೊಂಡು ರಕ್ತ ಬೇರೆ ನಾಳದಲ್ಲಿ ಹರಿಯುವುದರಿಂದ ಸಣ್ಣದಾಯಿತೋ, ಹೊಟ್ಟೆಗಿಲ್ಲದೆ ಸಣ್ಣದಾಯಿತೋ, ಎಲ್ಲಕ್ಕೂ ಒಂದೇ ಬೆಲೆಪಟ್ಟಿ. ಇದರ ಜೊತೆಗೆ ವಯಸ್ಸಿನ ಸುಳ್ಳೂ ಸೇರುತ್ತದೆ. ಆರು ವಾರದ ಮರಿಯನ್ನು ಒಂಬತ್ತು ವಾರದ್ದೆಂದು ಹೇಳಿದರೆ ಅದು ತಾನಾಗಿಯೇ ‘ಟೀಕಪ್’ ಆಗುತ್ತದೆ.

ಇದನ್ನು ಮೊದಲು ಗುರುತಿಸಿದವರು ಅಮ್ಮ. ಮನೆಗೆ ಬಂದ ಸಂಜೆ ಮರಿಯನ್ನು ಮಡಿಲಲ್ಲಿಟ್ಟುಕೊಂಡು ಬಾಯಿ ಬಿಡಿಸಿ ನೋಡಿದರು. “ಇದಕ್ಕೆ ಎರಡು ತಿಂಗಳು ಆಗಲಿಲ್ಲ ಮಗಾ. ತಾಯಿಯ ಹಾಲು ಬಿಟ್ಟ ಮರಿ ಹೀಗೆ ಬೆರಳು ಚೀಪುವುದಿಲ್ಲ” ಎಂದರು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದಾಗ 340 ಗ್ರಾಂ ಇತ್ತು. ಬಿಳಿಯ ಬಣ್ಣಕ್ಕೆ ಅಮ್ಮ ಅದನ್ನು ಮಲ್ಲಿಗೆ ಎಂದು ಕರೆದರು. ಕೆಲವೇ ದಿನಗಳಲ್ಲಿ ಅದು ಮಲ್ಲಿಯಾಯಿತು.

ಮೂರನೆಯ ದಿನ ಬೆಳಗಿನ ಜಾವ ಅಮ್ಮ ನನ್ನನ್ನು ಎಬ್ಬಿಸಿದರು. ಮಲ್ಲಿ ಪಕ್ಕಕ್ಕೆ ಬಿದ್ದಿತ್ತು, ಕಾಲುಗಳು ನೀರಿನಲ್ಲಿ ಈಜುವಂತೆ ಆಡುತ್ತಿದ್ದವು, ಮೈ ತಣ್ಣಗಿತ್ತು, ಕರೆದರೆ ಕಣ್ಣು ತಿರುಗುತ್ತಿರಲಿಲ್ಲ. ಅಮ್ಮ ಬೆರಳಲ್ಲಿ ಜೇನು ಅದ್ದಿ ಅದರ ವಸಡಿಗೆ ಸವರುತ್ತಲೇ ಇದ್ದರು. ಯಾವ ಪುಸ್ತಕವನ್ನೂ ಓದದೆ ಅವರು ಅಂದು ಮಾಡಿದ್ದೇ ಸರಿಯಾದ ಪ್ರಥಮ ಚಿಕಿತ್ಸೆ ಎಂದು ಆಮೇಲೆ ವೈದ್ಯೆ ಹೇಳಿದರು. ಆಸ್ಪತ್ರೆಗೆ ತಲುಪಿದಾಗ ರಕ್ತದ ಸಕ್ಕರೆ 34 ಇತ್ತು. ಮರಿಗಳಲ್ಲಿ 80ರ ಮೇಲೆ ಇರಬೇಕಾದದ್ದು, 60ಕ್ಕಿಂತ ಕೆಳಗೆ ಇಳಿದರೆ ಅಪಾಯ. ಅತ್ಯಂತ ತೆಳುವಾದ ಸೂಜಿಯೂ ಅದರ ರಕ್ತನಾಳಕ್ಕೆ ದಪ್ಪವಾಗಿ, ಮೂರನೆಯ ಪ್ರಯತ್ನದಲ್ಲಿ ಗ್ಲೂಕೋಸ್ ಏರಿಸಲು ಸಾಧ್ಯವಾಯಿತು.

ಇಂಥ ಮರಿಗಳಲ್ಲಿ ಹೀಗಾಗುವುದಕ್ಕೆ ಕಾರಣ ಸರಳ. ಊಟಕ್ಕೂ ಊಟಕ್ಕೂ ನಡುವೆ ದೇಹ ನಡೆಯುವುದು ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಕೂಡಿಟ್ಟ ಗ್ಲೈಕೋಜನ್ ಎಂಬ ದಾಸ್ತಾನಿನ ಮೇಲೆ. ಅಂಗೈಯಲ್ಲಿ ಹಿಡಿಯುವ ಮರಿಯ ಯಕೃತ್ತು ಎಷ್ಟು ದೊಡ್ಡದಿರಲು ಸಾಧ್ಯ? ಸ್ನಾಯುವೂ ಕಡಿಮೆಯೇ. ಇತ್ತ ದೇಹದ ಅಳತೆಗೆ ಮೆದುಳು ದೊಡ್ಡದು, ಅದಕ್ಕೆ ಬಿಡುವಿಲ್ಲದೆ ಸಕ್ಕರೆ ಬೇಕು. ದೇಹ ಸಣ್ಣದಾದಷ್ಟೂ ಚರ್ಮದಿಂದ ಶಾಖ ಸೋರುವುದು ಹೆಚ್ಚು, ಆ ಶಾಖವನ್ನು ತುಂಬಿಕೊಡಲೂ ಮತ್ತೆ ಸಕ್ಕರೆಯೇ ಬೇಕು. ಹಾಗಾಗಿ ರಾತ್ರಿ ಎಂಟು ಗಂಟೆ ಉಪವಾಸವಿದ್ದ ಮರಿ ಬೆಳಗಿನ ಜಾವ ಬೀಳುತ್ತದೆ. ಇಂಥ ಮರಿಗೆ ಮೂರು ನಾಲ್ಕು ಗಂಟೆಗೊಮ್ಮೆ, ರಾತ್ರಿಯೂ ಎದ್ದು, ಆಹಾರ ಕೊಡಬೇಕು. ನಮಗೆ ಕೊಟ್ಟ ಚೀಟಿಯಲ್ಲಿದ್ದದ್ದು ದಿನಕ್ಕೆ ಎರಡು ಚಮಚ. ಆ ಚೀಟಿಯನ್ನು ನೋಡಿದ ವೈದ್ಯೆ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಹಲ್ಲುಗಳನ್ನು ನೋಡಿ, ಅತಿ ಸಣ್ಣ ತಳಿಗಳಲ್ಲಿ ಹಲ್ಲು ತಡವಾಗಿ ಬರುವುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಮರಿಗೆ ಆರು ವಾರಕ್ಕಿಂತ ಹೆಚ್ಚಾಗಿಲ್ಲ ಎಂದರು.

ಅಂಗಡಿಗೆ ಫೋನು ಮಾಡಿದೆ. ಮಾಲೀಕರು ಸಿಟ್ಟಾಗಲಿಲ್ಲ, ವಾದವನ್ನೂ ಮಾಡಲಿಲ್ಲ. “ನೀವು ಬೇಜಾರು ಮಾಡ್ಬೇಡಿ ಮೇಡಂ. ಸಣ್ಣ ಸೈಜಿನ ಮರಿಗಳಲ್ಲಿ ಇದು ಇರ್ತದೆ. ಇದನ್ನು ತಂದುಕೊಡಿ, ಬೇರೆ ಮರಿ ಕೊಡುವ” ಎಂದರು. ಅವರ ಪ್ರಕಾರ ಅದು ಒಳ್ಳೆಯ ಸೇವೆ. ಒಪ್ಪಿಕೊಳ್ಳುವ ಗಿರಾಕಿಗಳೂ ಇರಬಹುದು. ತಂದುಕೊಟ್ಟ ಮರಿಯನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಅದಕ್ಕೆ ಉತ್ತರ ಸಿಗಲಿಲ್ಲ. ಅಮ್ಮ ಪಕ್ಕದಲ್ಲಿಯೇ ನಿಂತು ಕೇಳಿಸಿಕೊಳ್ಳುತ್ತಿದ್ದವರು, ಮಲ್ಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದರು. ಮರುದಿನದಿಂದ ರಾತ್ರಿ ಹನ್ನೊಂದಕ್ಕೂ ಎರಡಕ್ಕೂ ಐದಕ್ಕೂ ಎದ್ದು ಉಣಿಸುವ ಕೆಲಸವನ್ನು ಅವರೇ ವಹಿಸಿಕೊಂಡರು. 74 ವರ್ಷದವರು ನಾಲ್ಕು ತಿಂಗಳು ಹೀಗೆ ನಿದ್ದೆ ಬಿಟ್ಟದ್ದನ್ನು ಈ ವಿಮರ್ಶೆಯ ಖರ್ಚಿನ ಲೆಕ್ಕದಲ್ಲಿ ಸೇರಿಸದಿದ್ದರೆ ಲೆಕ್ಕ ಪೂರ್ತಿಯಾಗದು.

ಮಲ್ಲಿಯ ನೆತ್ತಿ ಇಂದಿಗೂ ಕೂಡಿಲ್ಲ. ಎಳೆಗೂಸಿನ ನೆತ್ತಿಯಂತೆ ತಲೆಯ ಮೇಲೆ ಬೆರಳಿಟ್ಟರೆ ಮೆತ್ತಗೆ ತಗಲುವ ಒಂದು ಜಾಗವಿದೆ. ಚಿವಾವಾ, ಪೊಮೆರೇನಿಯನ್‌ನಂಥ ತಳಿಗಳಲ್ಲಿ ಇದು ಸಾಮಾನ್ಯ, ನೆತ್ತಿ ಕೂಡದ ಎಲ್ಲ ನಾಯಿಗಳಿಗೂ ತೊಂದರೆಯಾಗುವುದಿಲ್ಲ ಎಂದು ವೈದ್ಯೆ ಸಮಾಧಾನ ಹೇಳಿದರು. ಆದರೆ ಅತಿ ಸಣ್ಣ, ಗುಂಡನೆಯ ತಲೆಯ ನಾಯಿಗಳಲ್ಲಿ ಮೆದುಳಿನೊಳಗೆ ದ್ರವ ತುಂಬಿಕೊಳ್ಳುವ ರೋಗವೂ ಹೆಚ್ಚು. ಕಣ್ಣುಗುಡ್ಡೆಗಳು ಕೆಳಗೂ ಹೊರಗೂ ವಾಲಿದರೆ, ಸುಮ್ಮನೆ ಸುತ್ತು ಹಾಕತೊಡಗಿದರೆ, ಎಷ್ಟು ಕಲಿಸಿದರೂ ಎಲ್ಲಿ ಉಚ್ಚೆ ಮಾಡಬೇಕೆಂದು ತಿಳಿಯದೇ ಹೋದರೆ ತಡಮಾಡದೆ ತೋರಿಸಬೇಕು ಎಂದರು. ಮಾರುವವರು ‘ಬೇಬಿ ಫೇಸ್’ ಎಂದು ಹೊಗಳುವ ಉಬ್ಬಿದ ಹಣೆಯನ್ನು ನೋಡಿದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ನಮ್ಮ ಮನೆಗೆ ಬರುವ ಮಕ್ಕಳಿಗೆ ಮೊದಲು ಹೇಳುವುದು, ತಲೆಗೆ ತಟ್ಟಬೇಡಿ, ಗದ್ದದ ಕೆಳಗೆ ಸವರಿ ಎಂದು.

ಆಗಸ್ಟಿನಲ್ಲಿ ಕಾಲು ಮುರಿಯಿತು. ಮಳೆಗಾಲದ ಒಂದು ಮಧ್ಯಾಹ್ನ, ಅಮ್ಮ ಕುಳಿತಿದ್ದ ಪ್ಲಾಸ್ಟಿಕ್ ಕುರ್ಚಿಯಿಂದ ಮಲ್ಲಿ ಕೆಳಗೆ ಹಾರಿತು. ಒಂದೂವರೆ ಅಡಿಯ ಎತ್ತರ, ಅಷ್ಟೆ. ಮಳೆಯ ತೇವಕ್ಕೆ ಟೈಲ್ಸ್ ಜಾರುತ್ತಿತ್ತು. ಬಲ ಮುಂಗಾಲಿನ ಎರಡೂ ಮೂಳೆಗಳು ಮಣಿಕಟ್ಟಿನ ಮೇಲೆ ತುಂಡಾದವು. ಆಗ ಅದಕ್ಕೆ ಎಂಟು ತಿಂಗಳು, ತೂಕ 980 ಗ್ರಾಂ. ಎಕ್ಸ್‌ರೇಯಲ್ಲಿ ಕಂಡ ಮೂಳೆ ಊದುಬತ್ತಿಯ ಕಡ್ಡಿಗಿಂತ ಹೆಚ್ಚು ದಪ್ಪವಿರಲಿಲ್ಲ. ಸೋಫಾದಿಂದಲೋ ತೋಳಿನಿಂದಲೋ ಹಾರಿ ಇದೇ ಜಾಗದಲ್ಲಿ ಮೂಳೆ ಮುರಿದುಕೊಳ್ಳುವುದು ಅತಿ ಸಣ್ಣ ತಳಿಗಳಲ್ಲಿ ಎಲ್ಲ ಪಶುವೈದ್ಯರಿಗೂ ಪರಿಚಿತವಾದ ಅಪಘಾತ. ಮುರಿಯುವುದಕ್ಕಿಂತ ಕೂಡಿಕೊಳ್ಳುವುದು ಕಷ್ಟ. ಏಕೆಂದರೆ ಈ ನಾಯಿಗಳಲ್ಲಿ ಆ ಭಾಗದ ಮೂಳೆಗೆ ರಕ್ತ ಪೂರೈಸುವ ಸಣ್ಣ ನಾಳಗಳು ವಿರಳ, ಸುತ್ತಲೂ ಮಾಂಸವೂ ಇಲ್ಲ. ಬರಿಯ ಪಟ್ಟಿ ಕಟ್ಟಿದರೆ ಮೂಳೆ ಕೂಡದೆ ಉಳಿಯುವ ಸಂಭವ ಹೆಚ್ಚೆಂದು ಸಣ್ಣ ಪ್ಲೇಟು ಹಾಕಿ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು.

ಶಸ್ತ್ರಚಿಕಿತ್ಸೆಗೆ ಮುಂಚೆ ವೈದ್ಯೆ ಒಂದು ಲೆಕ್ಕ ಹೇಳಿದರು. ನಾಯಿಯ ದೇಹದಲ್ಲಿ ಕಿಲೋಗೆ ಸುಮಾರು 80ರಿಂದ 90 ಮಿಲಿಲೀಟರ್ ರಕ್ತವಿರುತ್ತದೆ. ಊರಿನ 15 ಕಿಲೋದ ನಾಯಿಯಲ್ಲಿ ಒಂದು ಲೀಟರಿಗಿಂತ ಹೆಚ್ಚು. ಮಲ್ಲಿಯ ಇಡೀ ದೇಹದಲ್ಲಿದ್ದದ್ದು ಹೋಟೆಲಿನ ಒಂದು ಸಣ್ಣ ಲೋಟದ ಕಾಫಿಯಷ್ಟು. ದೊಡ್ಡ ನಾಯಿಯಲ್ಲಿ ಹತ್ತಿಯಿಂದ ಒರೆಸಿ ಮರೆತುಬಿಡುವ ಎರಡು ಚಮಚ ರಕ್ತ ಇಲ್ಲಿ ಹತ್ತರಲ್ಲಿ ಒಂದು ಭಾಗಕ್ಕಿಂತ ಹೆಚ್ಚಾಗುತ್ತದೆ. ಅರಿವಳಿಕೆಯ ಔಷಧಿಯ ಪ್ರಮಾಣ ಸಿರಿಂಜಿನ ಒಂದೊಂದು ಗೆರೆಯಲ್ಲಿ ಅಳೆಯಬೇಕಾದದ್ದು, ಒಂದು ಗೆರೆ ತಪ್ಪಿದರೂ ದೊಡ್ಡ ವ್ಯತ್ಯಾಸ. ಅರಿವಳಿಕೆಯಲ್ಲಿ ಮೈ ತಣ್ಣಗಾಗುವುದು ಬೇಗ, ಆದ್ದರಿಂದ ಮೇಜಿನ ಮೇಲೆ ಬಿಸಿನೀರಿನ ಚೀಲಗಳನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಶಸ್ತ್ರಚಿಕಿತ್ಸೆಗೆ ಮುಂಚಿನ ಉಪವಾಸವನ್ನು ಕೂಡ ರಕ್ತದ ಸಕ್ಕರೆ ಕುಸಿಯದಂತೆ ಬಹಳ ಕಡಿಮೆ ಮಾಡಿದರು. ಅದೇ ಅರಿವಳಿಕೆಯಲ್ಲಿಯೇ ಉದುರದೆ ಉಳಿದಿದ್ದ ನಾಲ್ಕು ಹಾಲುಹಲ್ಲುಗಳನ್ನೂ ಕಿತ್ತರು. ನಾಯಿ ಎಷ್ಟೇ ಸಣ್ಣದಾಗಲಿ, ಅದಕ್ಕೆ ಬರಬೇಕಾದ ಹಲ್ಲು 42. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ದವಡೆಯಲ್ಲಿ ಅವುಗಳಿಗೆ ಸ್ಥಳವಿಲ್ಲ. ಹಾಲುಹಲ್ಲು ಬೀಳದೆ ಅದರ ಪಕ್ಕದಲ್ಲಿಯೇ ಕೋರೆಹಲ್ಲು ಹುಟ್ಟಿ, ನಡುವೆ ಆಹಾರ ಸಿಕ್ಕಿ, ವಸಡು ಕೊಳೆತು, ಮುಂದೆ ದವಡೆಯೇ ಟೊಳ್ಳಾಗಿ ಮುರಿಯುವ ಹಂತಕ್ಕೂ ಹೋಗಬಹುದು. ಈಗ ದಿನವೂ ಮಲ್ಲಿಯ ಹಲ್ಲುಜ್ಜುವುದು ನನ್ನ ಪಾಲಿನ ಕೆಲಸ.

ಮೂಳೆ ಕೂಡಲು ಹತ್ತು ವಾರ ಬೇಕಾಯಿತು. ಅಷ್ಟು ದಿನವೂ ಮಲ್ಲಿ ಗೂಡಿನೊಳಗೆ ಇತ್ತು. ಆ ಮಳೆಗಾಲದಲ್ಲಿ ರಾತ್ರಿ ಕರೆಂಟು ಹೋದಾಗಲೆಲ್ಲ ಬಿಸಿನೀರಿನ ಬಾಟಲಿಯನ್ನು ಹಳೆಯ ಪಂಚೆಯಲ್ಲಿ ಸುತ್ತಿ ಅದರ ಬೆನ್ನಿಗೆ ಇಡುತ್ತಿದ್ದೆವು. ಮಂಗಳೂರಿನ ಮಳೆಯನ್ನು ಕಂಡವರಿಗೆ ಅದು ಎಷ್ಟು ರಾತ್ರಿಗಳೆಂದು ಹೇಳಬೇಕಾಗಿಲ್ಲ.

ಉಳಿದವನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಹಿಂಗಾಲಿನ ಮಂಡಿಚಿಪ್ಪು ಆಗಾಗ ಒಳಕ್ಕೆ ಜಾರುತ್ತದೆ. ನಡೆಯುತ್ತ ಒಂದು ಕಾಲನ್ನು ಎತ್ತಿ ಎರಡು ಹೆಜ್ಜೆ ಕುಂಟಿ ಮತ್ತೆ ಸರಿಯಾಗುತ್ತದೆ. ಈ ಬೇಸಗೆಯ ಸೆಕೆಯಲ್ಲಿ ಬಾತುಕೋಳಿ ಕೂಗಿದಂಥ ಕೆಮ್ಮು ಶುರುವಾಗಿದೆ. ಶ್ವಾಸನಾಳವನ್ನು ತೆರೆದು ಹಿಡಿಯಬೇಕಾದ ಮೃದ್ವಸ್ಥಿಯ ಉಂಗುರಗಳು ದುರ್ಬಲವಾಗಿ ನಾಳ ಚಪ್ಪಟೆಯಾಗುವುದರಿಂದ ಬರುವ ಕೆಮ್ಮು ಅದು. ಕುತ್ತಿಗೆಗೆ ಪಟ್ಟಿ ಕಟ್ಟದೆ ಎದೆಗೆ ಹಾಕುವ ಹಾರ್ನೆಸ್ ಬಳಸಬೇಕು, ಸೆಕೆಗೆ ಬಿಡಬಾರದು, ಅಗರಬತ್ತಿಯ ಹೊಗೆಯೂ ಬೇಡ. ಹೃದಯ, ಯಕೃತ್ತು ಸದ್ಯಕ್ಕೆ ಸರಿಯಾಗಿವೆ. ಅದೇ ಆಸ್ಪತ್ರೆಯಲ್ಲಿ ಪರಿಚಯವಾದ ಉಡುಪಿಯ ದಂಪತಿಯ ಯಾರ್ಕ್‌ಶೈರ್ ಟೆರಿಯರ್ ಮರಿಗೆ ಯಕೃತ್ತಿನ ರಕ್ತನಾಳದ ದೋಷವಿತ್ತು. ಹೊಟ್ಟೆ ತುಂಬ ಉಂಡ ಮೇಲೆಯೇ ಅದು ಗೋಡೆಗೆ ತಲೆಯೊತ್ತಿ ನಿಲ್ಲುತ್ತಿತ್ತಂತೆ. ಯಕೃತ್ತು ಶುದ್ಧಮಾಡಬೇಕಾದ ಅಮೋನಿಯಾ ನೇರವಾಗಿ ಮೆದುಳಿಗೆ ಹೋಗುವುದರಿಂದ ಹಾಗಾಗುತ್ತದೆ. ಹೆಚ್ಚಿನ ಪರೀಕ್ಷೆಗೆಂದು ಅವರು ಅದನ್ನು ಶಿರಾಡಿ ಘಾಟಿ ಹತ್ತಿಸಿ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಎರಡು ಸಲ ಕರೆದುಕೊಂಡು ಹೋಗಿದ್ದರು. ಅವರ ಮರಿಗೂ ಬೆಳೆಯುವುದಿಲ್ಲ ಎಂಬ ಖಾತರಿ ಇತ್ತು.

ನವೆಂಬರಿನಲ್ಲಿ ಅಂಗಡಿಯಿಂದ ಫೋನು ಬಂತು. ಆರೋಗ್ಯ ವಿಚಾರಿಸಿದರು. ಆಮೇಲೆ, ಮಲ್ಲಿಗೆ ಅವರ ಕಡೆಯ ಗಂಡಿನೊಂದಿಗೆ ಮರಿ ಹಾಕಿಸಿದರೆ ಮರಿಗಳನ್ನು ಅವರೇ ಕೊಂಡುಕೊಳ್ಳುವುದಾಗಿಯೂ, ನಾವು ಕೊಟ್ಟ ಹಣ ಒಂದೇ ಸೂಲಿನಲ್ಲಿ ವಾಪಸು ಬರುವುದಾಗಿಯೂ ಹೇಳಿದರು. ಈ ಇಡೀ ಅನುಭವದಲ್ಲಿ ನಾನು ನಿಜವಾಗಿ ಕೋಪಗೊಂಡದ್ದು ಅಂದು. ಒಂದು ಕಿಲೋ ತೂಗುವ ನಾಯಿಯ ಹೊಟ್ಟೆಯಲ್ಲಿ ಒಂದೋ ಎರಡೋ ಮರಿ ನಿಲ್ಲುತ್ತವೆ. ಮರಿಯ ತಲೆ ದೊಡ್ಡದು, ತಾಯಿಯ ಸೊಂಟದ ಮೂಳೆಯ ದಾರಿ ಕಿರಿದು. ಸಿಸೇರಿಯನ್ ಮಾಡದೆ ಹೆರಿಗೆಯಾಗುವುದೇ ಕಷ್ಟ. ಹೆತ್ತ ಮೇಲೆ ಹಾಲೂಡುವಾಗ ರಕ್ತದ ಕ್ಯಾಲ್ಸಿಯಂ ಕುಸಿದು ಮೈ ಸೆಟೆದು ಸಾಯುವ ಅಪಾಯವೂ ಸಣ್ಣ ತಳಿಗಳಲ್ಲಿಯೇ ಹೆಚ್ಚು. ಮಲ್ಲಿಯ ತಾಯಿ ಹೇಗಿರಬಹುದು ಎಂದು ಅಲ್ಲಿಯವರೆಗೆ ನಾನು ಯೋಚಿಸಿರಲಿಲ್ಲ. ಕೊಳ್ಳುವಾಗ ತಾಯಿಯನ್ನು ತೋರಿಸಿ ಎಂದು ಕೇಳಿದ್ದಕ್ಕೆ, ಮರಿಗಳು ಬೇರೆ ಊರಿನಿಂದ ಬರುತ್ತವೆ ಎಂದಷ್ಟೇ ಹೇಳಿದ್ದರು. ಡಿಸೆಂಬರಿನಲ್ಲಿ, ಕಾಲು ಪೂರ್ತಿ ಸರಿಯಾದ ಮೇಲೆ, ಮಲ್ಲಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಅದರಲ್ಲಿಯೂ ಅಪಾಯವಿತ್ತು, ಮಾಡಿಸದೆ ಬಿಡುವುದರಲ್ಲಿ ಹೆಚ್ಚಿತ್ತು.

ಕಾನೂನು ಇಲ್ಲವೆಂದಲ್ಲ. 1960ರ ಪ್ರಾಣಿಹಿಂಸಾ ತಡೆ ಕಾಯಿದೆಯಡಿ 2017ರಲ್ಲಿ ನಾಯಿ ಸಾಕಣೆ ಮತ್ತು ಮಾರಾಟದ ನಿಯಮಗಳೂ, 2018ರಲ್ಲಿ ಸಾಕುಪ್ರಾಣಿ ಅಂಗಡಿಗಳ ನಿಯಮಗಳೂ ಬಂದಿವೆ. ಸಾಕಣೆಗಾರರೂ ಅಂಗಡಿಯವರೂ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ಮಾರುವ ಮುಂಚೆ ಮೈಕ್ರೋಚಿಪ್ ಹಾಕಿಸಬೇಕು. 18 ತಿಂಗಳು ತುಂಬದ ಹೆಣ್ಣಿನಿಂದ ಮರಿ ಹಾಕಿಸಬಾರದು, ಜೀವಮಾನದಲ್ಲಿ ಐದು ಸೂಲು ಮೀರಬಾರದು. ನಮಗೆ ಮಾರಿದ ಮರಿಗೆ ಆರು ವಾರ, ಮೈಕ್ರೋಚಿಪ್ ಇರಲಿಲ್ಲ, ಲಸಿಕೆಯ ಕಾರ್ಡಿನಲ್ಲಿ ದಿನಾಂಕವಿತ್ತು, ವೈದ್ಯರ ಸಹಿಯಿರಲಿಲ್ಲ. ಗೋಡೆಯ ಮೇಲೆ ಪಾಲಿಕೆಯ ಟ್ರೇಡ್ ಲೈಸೆನ್ಸ್ ತೂಗುತ್ತಿತ್ತು; ಮಂಡಳಿಯ ನೋಂದಣಿ ಪತ್ರ ಎಲ್ಲಿಯೂ ಕಾಣಲಿಲ್ಲ. ನವೆಂಬರಿನಲ್ಲಿ ಮರಿ ಹಾಕಿಸೋಣ ಎಂದು ಅವರು ಫೋನು ಮಾಡಿದಾಗ ಮಲ್ಲಿಗೆ ಹನ್ನೊಂದು ತಿಂಗಳು. ಇವನ್ನೆಲ್ಲ ಬರೆದು ಅಂಗಡಿಗೆ ಒಂದು ಪತ್ರ ಕೊಟ್ಟಿದ್ದೇನೆ, ಪಶುಪಾಲನಾ ಇಲಾಖೆಗೂ ಒಂದು ಪ್ರತಿ ಕೊಟ್ಟಿದ್ದೇನೆ.

ಅಂಗಡಿಯ ಸ್ವಚ್ಛತೆಗೆ, ಹುಡುಗರ ನಡವಳಿಕೆಗೆ ನನ್ನ ಮೆಚ್ಚುಗೆ ಹಾಗೆಯೇ ಇದೆ. ನಾಯಿಯ ಆಹಾರ, ಹಾರ್ನೆಸ್ ಬೇಕಾದವರು ಅಲ್ಲಿಗೆ ಹೋಗಬಹುದು, ಬೆಲೆ ಹೆಚ್ಚಿಲ್ಲ. ‘ಟೀಕಪ್’ ಮರಿಯನ್ನು ಅಲ್ಲಿಂದಲೂ ಬೇರೆ ಎಲ್ಲಿಂದಲೂ ಕೊಳ್ಳಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಚಿಕಿತ್ಸೆಗೆ ಇದುವರೆಗೆ ನಮಗಾದ ಖರ್ಚು ಮರಿಯ ಬೆಲೆಯನ್ನು ದಾಟಿದೆ. ಹಣ ಹೊಂದಿಸಲಾಗದ ಮನೆಯಲ್ಲಿ ಇದೇ ಮರಿ ಮೂರನೆಯ ದಿನವೇ ಸತ್ತಿರುತ್ತಿತ್ತು, ಅಂಗಡಿಯ 48 ಗಂಟೆಗಳ ಖಾತರಿ ಅದಕ್ಕೆ ಅನ್ವಯಿಸುತ್ತಲೂ ಇರಲಿಲ್ಲ. ಸಣ್ಣ ನಾಯಿಯೇ ಬೇಕೆನ್ನುವವರು ಎರಡರಿಂದ ಮೂರು ಕಿಲೋ ಬೆಳೆಯುವ ಮರಿಯನ್ನು, ತಾಯಿಯನ್ನು ಕಣ್ಣಾರೆ ನೋಡಿ, ನೋಂದಣಿ ಇರುವವರಿಂದ, ಹತ್ತು ಹನ್ನೆರಡು ವಾರ ತುಂಬಿದ ಮೇಲೆ ತರಲಿ. ಎಷ್ಟು ಸಣ್ಣದಾಗಿ ಉಳಿಯುತ್ತದೆ ಎಂದು ಕೇಳುವ ಬದಲು, ಹುಟ್ಟಿದಂದಿನಿಂದ ವಾರವಾರ ಎಷ್ಟು ಬೆಳೆದಿದೆ ಎಂಬ ತೂಕದ ಪಟ್ಟಿಯನ್ನು ಕೇಳಲಿ. ಪ್ರಾಮಾಣಿಕ ಸಾಕಣೆಗಾರರ ಬಳಿ ಅದು ಇದ್ದೇ ಇರುತ್ತದೆ.

ಈಗಾಗಲೇ ಇಂಥ ಮರಿ ಮನೆಯಲ್ಲಿರುವವರಿಗೆ ಎರಡು ಮಾತು. ಜೇನು ಅಥವಾ ಗ್ಲೂಕೋಸ್ ಪುಡಿಯನ್ನು ಮರಿ ಮಲಗುವ ಕೋಣೆಯಲ್ಲಿಯೇ ಇಟ್ಟುಕೊಳ್ಳಿ. ಮರಿ ತೂಗಾಡಿದರೆ, ನಡುಗಿದರೆ, ಎಚ್ಚರ ತಪ್ಪಿದರೆ ಬೆರಳಲ್ಲಿ ವಸಡಿಗೆ ಸವರಿ. ಬಾಯಿಗೆ ಸುರಿಯಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಸಕ್ಕರೆಯ ಬದಲಿಗೆ ಬಳಸುವ ಸಿಹಿಯನ್ನು ಅಪ್ಪಿತಪ್ಪಿಯೂ ಮುಟ್ಟಿಸಬೇಡಿ; ಅಂಥ ಕೆಲವು ಪದಾರ್ಥಗಳಲ್ಲಿರುವ ಕ್ಸೈಲಿಟಾಲ್ ನಾಯಿಗೆ ವಿಷ, ಅದು ರಕ್ತದ ಸಕ್ಕರೆಯನ್ನು ಇನ್ನೂ ಕೆಳಗೆ ಇಳಿಸುತ್ತದೆ. ಮರಿ ಎದ್ದು ಕುಳಿತರೂ ಅದೇ ಹೊತ್ತಿನಲ್ಲಿ ಆಸ್ಪತ್ರೆಗೆ ಹೊರಡಿ, ದಾರಿಯುದ್ದಕ್ಕೂ ಬಟ್ಟೆಯಲ್ಲಿ ಸುತ್ತಿ ಮೈಗೆ ಒತ್ತಿ ಹಿಡಿದುಕೊಂಡಿರಿ. ರಾತ್ರಿಯೂ ಬಾಗಿಲು ತೆರೆಯುವ ಪಶುವೈದ್ಯರು ನಿಮ್ಮ ಮನೆಗೆ ಹತ್ತಿರದಲ್ಲಿ ಯಾರಿದ್ದಾರೆಂದು ಇವತ್ತೇ ವಿಚಾರಿಸಿ, ಆ ನಂಬರನ್ನು ಬಾಗಿಲ ಹಿಂದೆ ಬರೆದು ಅಂಟಿಸಿಡಿ.